ಚಿಕಿತ್ಸೆಯ ಮೂರನೆಯ ಪಾದ

ಪಾರ್ಶ್ವವಾಯು ಬಡಿದವರನ್ನು, ಕಿಡ್ನಿ ಸೋತವರನ್ನು, ಎದೆಯಲ್ಲಿ ಗಂಟು ಕಂಡ ತಾಯಂದಿರನ್ನು ಪರೀಕ್ಷಿಸಿ, ಮುಂದಿನ ಚಿಕಿತ್ಸೆ ಹಾವೇರಿಯಲ್ಲಿ ಆಗಬೇಕು, ಹುಬ್ಬಳ್ಳಿಯಲ್ಲಿ ಆಗಬೇಕು ಎಂದು ಹೇಳುವುದು ವೈದ್ಯರಿಗೆ ಕಷ್ಟದ ಕೆಲಸವೇನಲ್ಲ. ಅದರ ಬೆನ್ನಿಗೇ ಮನೆಯವರು ಕೇಳುವ ಪ್ರಶ್ನೆಗೆ ಉತ್ತರಿಸುವುದು ಕಷ್ಟ. “ಅಲ್ಲಿಗೆ ಹೋದ ಮ್ಯಾಲ ಯಾರನ್ನ ಕೇಳಬೇಕ್ರೀ?” ಚಿಕ್ಕೇರೂರು ಹಾಗೂ ಸುತ್ತಲಿನ ಹಳ್ಳಿಗಳಲ್ಲಿ ಮೂರೂವರೆ ದಶಕಗಳಿಂದ ವೈದ್ಯವೃತ್ತಿ ನಡೆಸಿಕೊಂಡು ಬಂದಿರುವ ನಾವು, ಪಥ್ಯವೇನು, ಗುಳಿಗೆ ಯಾವ ಹೊತ್ತಿಗೆ ಎಂಬ ಪ್ರಶ್ನೆಗಳಿಗಿಂತ ಈ ಪ್ರಶ್ನೆಯನ್ನೇ ಹೆಚ್ಚಾಗಿ ಕೇಳಿದ್ದೇವೆ. ಉತ್ತರ ಸಿಗದವರು ಬಸ್ಸು ಹತ್ತುವುದಿಲ್ಲ. ಹತ್ತಿದರೂ ಇಡೀ ದಿನ ಸರದಿಯಲ್ಲಿ ನಿಂತು, ಬೇಕಾದ ಕಾಗದ ಜೊತೆಗಿಲ್ಲವೆಂದು ತಿಳಿದು, ಸಂಜೆಯ ಬಸ್ಸಿಗೆ ಮರಳುತ್ತಾರೆ. ಎರಡನೆಯ ಸಲ ಹೋಗುವುದಿಲ್ಲ. ರೋಗ ಮಾತ್ರ ತನ್ನ ಪಾಡಿಗೆ ತಾನು ಬೆಳೆಯುತ್ತಿರುತ್ತದೆ.

ಚರಕ ಸಂಹಿತೆಯ ಸೂತ್ರಸ್ಥಾನದ 9ನೆಯ ಅಧ್ಯಾಯವು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುತ್ತದೆ: ವೈದ್ಯ, ಔಷಧ ದ್ರವ್ಯ, ಉಪಸ್ಥಾತ ಮತ್ತು ರೋಗಿ. ಉಪಸ್ಥಾತನೆಂದರೆ ರೋಗಿಯ ಬಳಿ ನಿಲ್ಲುವವನು, ಪರಿಚಾರಕ. ಆತನಲ್ಲಿ ಇರಬೇಕಾದ ಗುಣಗಳನ್ನೂ ಆಚಾರ್ಯರು ನಾಲ್ಕಾಗಿ ಎಣಿಸಿದ್ದಾರೆ: ಉಪಚಾರದ ಅರಿವು, ದಕ್ಷತೆ, ರೋಗಿಯಲ್ಲಿ ಅನುರಾಗ, ಶುಚಿತ್ವ. ನಾವು ಬಿ.ಎ.ಎಂ.ಎಸ್. ವಿದ್ಯಾರ್ಥಿಗಳಾಗಿದ್ದ ಕಾಲದಲ್ಲಿ ಈ ಮಾತನ್ನು ಗಂಜಿ ಕಾಯಿಸಿ ಕೊಡುವವರಿಗೆ, ಮೈ ಒರೆಸಿ ಮಗ್ಗುಲು ಬದಲಿಸುವವರಿಗೆ ಅನ್ವಯಿಸಿ ಓದಿದ್ದೆವು. ಅಂದಿನ ಚಿಕಿತ್ಸೆ ಮನೆಯ ಪಡಸಾಲೆಯಲ್ಲಿ ನಡೆಯುತ್ತಿತ್ತು. ಉಪಸ್ಥಾತನ ಕೆಲಸವೂ ಅಲ್ಲಿಗೇ ಮುಗಿಯುತ್ತಿತ್ತು. ಇಂದು ಅದೇ ಚಿಕಿತ್ಸೆ ತಾಲೂಕು ಆಸ್ಪತ್ರೆ, ಜಿಲ್ಲಾ ಆಸ್ಪತ್ರೆ, ನಾಡಕಚೇರಿ, ಬ್ಯಾಂಕು, ಗ್ರಾಮ ಪಂಚಾಯಿತಿ ಇಷ್ಟು ಕಡೆ ಹರಡಿಕೊಂಡಿದೆ. ಆದ್ದರಿಂದ ಯಾವ ಬಾಗಿಲನ್ನು ಯಾವಾಗ ತಟ್ಟಬೇಕೆಂದು ಬಲ್ಲವನೂ ಉಪಸ್ಥಾತನೇ, ಆತನ ಕೆಲಸವೂ ಚಿಕಿತ್ಸೆಯ ಅಂಗವೇ ಎಂಬುದು ನಮ್ಮ ಖಚಿತ ಅಭಿಪ್ರಾಯ. ಅದನ್ನು ಉಪಕಾರವೆಂದೋ ಓಡಾಟವೆಂದೋ ತಿಳಿದು ಬದಿಗಿಟ್ಟಿರುವುದರಿಂದಲೇ ಸಮಾಜ ಮತ್ತು ಸರ್ಕಾರ ಒದಗಿಸಿರುವ ಸೌಕರ್ಯಗಳಲ್ಲಿ ಬಹುಪಾಲು ಬೇಕಾದವರ ಕೈಸೇರದೆ ಉಳಿದಿವೆ.

1997ರ ಆಗಸ್ಟ್ 24ರಂದು ಹಾವೇರಿ ಜಿಲ್ಲೆಯಾಗುವವರೆಗೆ ನಮ್ಮ ಹಿರೇಕೆರೂರು ಸೀಮೆಯ ಜನ ಜಿಲ್ಲಾ ಕಚೇರಿಯ ಕೆಲಸಕ್ಕೆ ಧಾರವಾಡಕ್ಕೆ ಹೋಗಬೇಕಿತ್ತು. ಬುತ್ತಿ ಕಟ್ಟಿಕೊಂಡು ಹೊರಟವರು ಕೆಲಸವಾಗದಿದ್ದರೆ ಅಲ್ಲಿಯ ನೆಂಟರ ಮನೆಯಲ್ಲಿ ಮಲಗುತ್ತಿದ್ದರು. ಈಗ ಬಸ್ಸಿನ ದಾರಿ ಕಡಿಮೆಯಾಗಿದೆ. ಕಾಗದದ ದಾರಿ ಕಡಿಮೆಯಾಗಿಲ್ಲ.

ಐವತ್ತೈದು ವಯಸ್ಸಿನ ಒಬ್ಬ ರೈತ ಗೋವಿನಜೋಳದ ಹೊಲದಲ್ಲಿ ಕುಸಿದನೆಂದು ಇಟ್ಟುಕೊಳ್ಳೋಣ. ಬಾಯಿ ಸೊಟ್ಟಗಾಗಿದೆ, ಬಲಗೈ ಏಳುತ್ತಿಲ್ಲ, ಮಾತು ತೊದಲುತ್ತಿದೆ. ನಮ್ಮ ಕಡೆ ಇದನ್ನು ಲಕ್ವ ಎನ್ನುತ್ತಾರೆ. ಲಕ್ವ ಎಂದ ಕೂಡಲೇ ನಾಟಿ ಔಷಧದ ಊರುಗಳ ಹೆಸರು ನೆನಪಾಗುತ್ತವೆ. ಆಯುರ್ವೇದ ವೈದ್ಯರಾಗಿಯೇ ಹೇಳುತ್ತೇವೆ: ಆ ಹೊತ್ತು ಎಣ್ಣೆಯ ಹೊತ್ತಲ್ಲ. ಮಿದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದರೆ ಅದನ್ನು ಕರಗಿಸುವ ಮದ್ದನ್ನು ಸಾಮಾನ್ಯವಾಗಿ 4.5 ಗಂಟೆಯ ಒಳಗೆ ಕೊಡಬೇಕು. ಅದಕ್ಕೂ ಮುನ್ನ ಸಿ.ಟಿ. ಸ್ಕ್ಯಾನ್ ಆಗಬೇಕು. 108ಕ್ಕೆ ಕರೆ ಮಾಡಿ, ಸ್ಕ್ಯಾನ್ ಇರುವ ಆಸ್ಪತ್ರೆಗೇ ನೇರವಾಗಿ ಒಯ್ಯಬೇಕೆಂದು ಆಗ ಹೇಳಬಲ್ಲ ಒಬ್ಬ ವ್ಯಕ್ತಿ ಊರಿನಲ್ಲಿ ಇರಬೇಕು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಪಡಿತರ ಚೀಟಿಯ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ವೆಚ್ಚ ದೊರೆಯುತ್ತದೆ. ಉಳಿದವರಿಗೆ ನಿಗದಿತ ದರದ ಶೇಕಡಾ 30ರಷ್ಟು, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ಖಾಸಗಿ ಆಸ್ಪತ್ರೆಗೆ ಹೋಗಬೇಕಾದರೆ ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ಯೋಜನೆಯಲ್ಲಿ ಪಟ್ಟಿಮಾಡಿದ ತುರ್ತು ಚಿಕಿತ್ಸೆಗಳಿಗೆ ಆ ಪತ್ರ ಬೇಡ. ಈ ಒಂದು ವ್ಯತ್ಯಾಸ ತಿಳಿಯದೆ, ತುರ್ತಿನ ರೋಗಿಯನ್ನು ಹೊತ್ತುಕೊಂಡು ಮೊದಲು ಪತ್ರಕ್ಕಾಗಿ ಅಲೆಯುವವರಿದ್ದಾರೆ. ತುರ್ತಲ್ಲದ ಶಸ್ತ್ರಚಿಕಿತ್ಸೆಗೆ ಪತ್ರವಿಲ್ಲದೆ ಹೋಗಿ, ಹೊಲವನ್ನು ಒತ್ತೆಯಿಟ್ಟು ಬಿಲ್ಲು ಕಟ್ಟಿದವರೂ ಇದ್ದಾರೆ. ಯೋಜನೆಗೆ ಒಳಪಟ್ಟ ಆಸ್ಪತ್ರೆಗಳಲ್ಲಿ ಆರೋಗ್ಯಮಿತ್ರ ಎಂಬ ಸಿಬ್ಬಂದಿ ಇರುವುದು ಇದನ್ನೆಲ್ಲ ವಿವರಿಸುವುದಕ್ಕಾಗಿಯೇ. ಅಂಥವರು ಇದ್ದಾರೆಂಬುದು ರೋಗಿಗೆ ಗೊತ್ತಿದ್ದರಲ್ಲವೇ ಅವರ ಮೇಜು ಹುಡುಕುವುದು?

ಇನ್ನು ಯಶಸ್ವಿನಿ ಬೇರೆ, ಇದು ಬೇರೆ. ಸಹಕಾರ ಸಂಘಗಳ ಸದಸ್ಯರಿಗಾಗಿ 2003ರಲ್ಲಿ ಜಾರಿಗೆ ಬಂದ ಯಶಸ್ವಿನಿಯನ್ನು 2018ರಲ್ಲಿ ನಿಲ್ಲಿಸಲಾಗಿತ್ತು. 2023ರ ಜನವರಿಯಿಂದ ಅದು ಮತ್ತೆ ನಡೆಯುತ್ತಿದೆ. ವಂತಿಗೆ ತುಂಬಿ ಹೆಸರು ನೋಂದಾಯಿಸಿದವರಿಗಷ್ಟೇ ಅದರ ಲಾಭ. ಹಳೆಯ ಕಾರ್ಡನ್ನು ಪೆಟ್ಟಿಗೆಯಲ್ಲಿ ಜೋಪಾನವಾಗಿಟ್ಟು, ಕಾರ್ಡಿದೆಯೆಂಬ ಧೈರ್ಯದಿಂದ ಕುಳಿತವರನ್ನು ನಾವು ಕಂಡಿದ್ದೇವೆ.

ರೈತ ಬದುಕಿ ಮನೆಗೆ ಬಂದನೆನ್ನೋಣ. ನಿಜವಾದ ಸುತ್ತಾಟ ಶುರುವಾಗುವುದು ಆಮೇಲೆ. ಅಂಗಬಲ ಮರಳಿಸಲು ಫಿಜಿಯೋಥೆರಪಿ ಬೇಕು. ಸ್ಥಿತಿ ಸ್ಥಿರವಾದ ಬಳಿಕ ಅಭ್ಯಂಗ, ಸ್ವೇದ, ಬಸ್ತಿ ಮೊದಲಾದ ನಮ್ಮ ಚಿಕಿತ್ಸೆಗಳನ್ನೂ ವೈದ್ಯರ ನಿಗಾದಲ್ಲಿ ಸೇರಿಸಬಹುದು. ಆದರೆ ದುಡಿಯುವ ಕೈ ನಿಂತ ಮನೆಯಲ್ಲಿ ಗುಳಿಗೆಗೆ ಹಣವೆಲ್ಲಿಂದ ಬರಬೇಕು? ಅಂಗವೈಕಲ್ಯದ ಪ್ರಮಾಣ ಶೇಕಡಾ 40 ಅಥವಾ ಅದಕ್ಕೂ ಹೆಚ್ಚೆಂದು ಸರ್ಕಾರಿ ವೈದ್ಯಾಧಿಕಾರಿಗಳು ಪ್ರಮಾಣೀಕರಿಸಿದರೆ, ಆದಾಯದ ಮಿತಿಗೆ ಒಳಪಟ್ಟು ಮಾಸಾಶನ ದೊರೆಯುತ್ತದೆ. ಪ್ರಮಾಣಪತ್ರಕ್ಕೂ ಯು.ಡಿ.ಐ.ಡಿ. ಎಂಬ ವಿಶಿಷ್ಟ ಗುರುತಿನ ಚೀಟಿಗೂ ಅರ್ಜಿ ಹಾಕುವುದು ಕಂಪ್ಯೂಟರಿನಲ್ಲಿ; ತಪಾಸಣೆ ಆಸ್ಪತ್ರೆಯಲ್ಲಿ; ಮಾಸಾಶನದ ಅರ್ಜಿ ನಾಡಕಚೇರಿಯಲ್ಲಿ; ಹಣ ಬರುವುದು ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆಗೆ. ಆಧಾರಿನಲ್ಲಿ ಬಸವಣ್ಣೆಪ್ಪ, ಪಡಿತರ ಚೀಟಿಯಲ್ಲಿ ಬಸಣ್ಣ, ಪಾಸ್‌ಬುಕ್ಕಿನಲ್ಲಿ ಬಸಪ್ಪ. ಊರಿಗೆಲ್ಲ ಮೂವರೂ ಒಬ್ಬನೇ; ಕಂಪ್ಯೂಟರಿಗೆ ಮೂವರೂ ಬೇರೆ. ಇಲ್ಲಿಗೆ ಮನೆಯಾಕೆ ಸೋಲುತ್ತಾಳೆ. ರಕ್ತದೊತ್ತಡದ ಗುಳಿಗೆ ಮೊದಲು ದಿನ ಬಿಟ್ಟು ದಿನವಾಗುತ್ತದೆ, ಆಮೇಲೆ ನಿಲ್ಲುತ್ತದೆ. ಎರಡನೆಯ ಸಲ ಲಕ್ವ ಹೊಡೆದವರಲ್ಲಿ ಎಷ್ಟೋ ಜನ ಹೀಗೆ ಗುಳಿಗೆ ಬಿಟ್ಟವರು. ಈ ಕಾರಣದಿಂದಲೇ ಒಂದು ಮಾಸಾಶನದ ಅರ್ಜಿಯ ಸಂಗತಿಯನ್ನು ಆರೋಗ್ಯದ ಪುಟದಲ್ಲಿ ಬರೆಯಬೇಕಾಯಿತು.

ಈ ಸುತ್ತಾಟದಲ್ಲಿ ಜೊತೆಯಾಗಲೆಂದೇ ನಮ್ಮ ರಾಜ್ಯದಲ್ಲಿ ಒಂದು ವ್ಯವಸ್ಥೆಯಿದೆ. ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ವತಿಯಿಂದ ಗ್ರಾಮ ಪಂಚಾಯಿತಿಗೆ ಒಬ್ಬರಂತೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರಬೇಕು. ಪಂಚಾಯಿತಿಯಲ್ಲಿ ಅವರನ್ನು ವಿ.ಆರ್.ಡಬ್ಲ್ಯು. ಎನ್ನುತ್ತಾರೆ. ತಾಲೂಕಿಗೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರೊಬ್ಬರು, ಅಂದರೆ ಎಂ.ಆರ್.ಡಬ್ಲ್ಯು. ವಿಕಲಚೇತನರನ್ನೇ ಈ ಕೆಲಸಕ್ಕೆ ಆರಿಸಿಕೊಂಡಿರುವುದು ಈ ಯೋಜನೆಯ ವಿಶೇಷ. ಪೋಲಿಯೋದಿಂದ ಕಾಲು ಸೋತವರು ಮೂರು ಗಾಲಿಯ ಗಾಡಿಯಲ್ಲಿ ಕುಳಿತು ಓಣಿ ಓಣಿ ತಿರುಗಿ, ಮನೆಯ ಹಿಂಬದಿಯ ಕೋಣೆಯಲ್ಲಿ ವರ್ಷಗಟ್ಟಲೆ ಮಲಗಿದ ಮಗುವನ್ನು ಪಟ್ಟಿಗೆ ಸೇರಿಸುತ್ತಾರೆ. ತಾವು ಹತ್ತಿ ಇಳಿದ ಮೆಟ್ಟಿಲುಗಳ ಲೆಕ್ಕ ಅವರಿಗೆ ಬಾಯಿಪಾಠ. ಯಾವ ವಾರ ತಪಾಸಣೆಗೆ ವೈದ್ಯರು ಕೂಡುತ್ತಾರೆ, ಯಾವ ಕಚೇರಿಯಲ್ಲಿ ಊಟದ ನಂತರ ಹೋದರೆ ಕೆಲಸವಾಗುವುದಿಲ್ಲ ಎಂಬುದು ಯಾವ ಸುತ್ತೋಲೆಯಲ್ಲೂ ಬರೆದಿರುವುದಿಲ್ಲ. ಚರಕಾಚಾರ್ಯರು ಹೇಳಿದ ದಕ್ಷತೆಯೆಂದರೆ ಇದೇ ಎಂದು ನಮಗೆ ತೋರುತ್ತದೆ.

ವೈದ್ಯರೂ ತಿಳಿಯದಿರಬಹುದಾದ ಸಂಗತಿಗಳು ಇವರಿಗೆ ತಿಳಿದಿರುತ್ತವೆ. 1995ರ ಕಾಯ್ದೆ 7 ಬಗೆಯ ವೈಕಲ್ಯಗಳನ್ನಷ್ಟೇ ಗುರುತಿಸಿತ್ತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಗಳನ್ನು ಗುರುತಿಸಿದೆ. ನಾವು ಕಂಪವಾತವೆನ್ನುವ ಪಾರ್ಕಿನ್ಸನ್ ಕಾಯಿಲೆ ಅದರಲ್ಲಿದೆ. ದೀರ್ಘಕಾಲದ ಮಾನಸಿಕ ಕಾಯಿಲೆ, ಹಿಮೋಫಿಲಿಯಾ, ಥಲಸ್ಸೀಮಿಯಾ ಇವೆ. ಕೈ ನಡುಗುವ ಅಜ್ಜ ತನ್ನನ್ನು ಎಂದೂ ಆ ಪಟ್ಟಿಯಲ್ಲಿ ಕಲ್ಪಿಸಿಕೊಂಡಿರುವುದಿಲ್ಲ, ಮುದಿತನವೆಂದು ಸುಮ್ಮನಿರುತ್ತಾನೆ. ಬುದ್ಧಿಮಾಂದ್ಯತೆ, ಆಟಿಸಂ, ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳಿಗೆ ನಿರಾಮಯ ಎಂಬ 1 ಲಕ್ಷ ರೂಪಾಯಿಯ ಆರೋಗ್ಯ ವಿಮೆ ಇದೆಯೆಂಬುದು ಎಷ್ಟು ತಾಯಂದಿರಿಗೆ ಗೊತ್ತು? ಗ್ರಾಮ ಪಂಚಾಯಿತಿ ತನ್ನ ಸ್ವಂತ ಆದಾಯದ ಶೇಕಡಾ 5ನ್ನು ವಿಕಲಚೇತನರ ಕಲ್ಯಾಣಕ್ಕೆ ವೆಚ್ಚ ಮಾಡಬೇಕೆಂಬ ನಿಯಮವಿದೆ. ಗ್ರಾಮಸಭೆಯಲ್ಲಿ ಎದ್ದು ನಿಂತು ಅದನ್ನು ಕೇಳುವವರು ಬಹುಮಟ್ಟಿಗೆ ಈ ಕಾರ್ಯಕರ್ತರೇ.

ಇಷ್ಟಾದರೂ ಅವರಿಗೆ ದೊರೆಯುವುದು ವೇತನವಲ್ಲ, ಗೌರವಧನ. ಆಶಾ ಕಾರ್ಯಕರ್ತೆಯರ ಕಥೆಯೂ ಇದೇ. 2005ರಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದಲ್ಲಿ ಸಾವಿರ ಜನಸಂಖ್ಯೆಗೆ ಒಬ್ಬರಂತೆ ನೇಮಕವಾದ ಈ ತಾಯಂದಿರನ್ನು 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಜಾಗತಿಕ ಪ್ರಶಸ್ತಿ ನೀಡಿ ಗೌರವಿಸಿತು. ತಮ್ಮ ದುಡಿಮೆಯ ಹಣಕ್ಕಾಗಿ ಅವರು 2025ರ ಜನವರಿಯಲ್ಲಿ ಬೆಂಗಳೂರಿನ ಚಳಿಯಲ್ಲಿ ಹಗಲಿರುಳು ಕೂಡಬೇಕಾಯಿತು. ಪ್ರಶಸ್ತಿಯ ಸುದ್ದಿ ಓದಿ ಹೆಮ್ಮೆಪಟ್ಟ ನಾವು, ಗೌರವವನ್ನು ಮಾತಿನಲ್ಲೂ ಧನವನ್ನು ಬಾಕಿಯಲ್ಲೂ ಇಡುವ ಈ ಪದ್ಧತಿಯನ್ನು ಮೆಚ್ಚಲಾರೆವು. ಸಂತೆಯ ದಿನ ಬೀದಿಯಲ್ಲಿ ಕಂಡಾಗ “ಏನವ್ವಾ, ಬರೇ ತಿರುಗೂದ ಆತಲ್ಲ ನಿಂದು” ಎಂದು ನಗೆಯಾಡುವವರು, ಆ ತಿರುಗಾಟದಿಂದ ಎಷ್ಟು ಬಾಣಂತಿಯರು ಉಳಿದರೆಂಬುದನ್ನೂ ಒಮ್ಮೆ ಎಣಿಸಲಿ.

ದಾರಿ ತೋರುವುದರಿಂದ ಜೀವ ಉಳಿಯುತ್ತದೆಯೆ ಎಂದು ಕೇಳುವವರಿಗೆ ದೂರದ ಒಂದು ನಿದರ್ಶನ. ನ್ಯೂಯಾರ್ಕಿನ ಹಾರ್ಲೆಮ್ ಎಂಬ ಭಾಗದ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಾಲ್ಡ್ ಫ್ರೀಮನ್ ಎಂಬ ಶಸ್ತ್ರವೈದ್ಯರಿದ್ದರು. ಅಲ್ಲಿಗೆ ಬರುತ್ತಿದ್ದ ಬಡ ಕಪ್ಪು ಮಹಿಳೆಯರು ಸ್ತನದ ಗಂಟು ಬಲಿತು ಹುಣ್ಣಾದ ಮೇಲಷ್ಟೇ ಬರುತ್ತಿದ್ದರು. ರೋಗ ಪತ್ತೆಯಾದ 5 ವರ್ಷಗಳ ಬಳಿಕ ಬದುಕಿರುತ್ತಿದ್ದವರು ಶೇಕಡಾ 39 ಮಾತ್ರ. ಫ್ರೀಮನ್ ಅವರು ಕಡಿಮೆ ಖರ್ಚಿನ ತಪಾಸಣೆಯನ್ನು ಏರ್ಪಡಿಸಿದರು. 1990ರಲ್ಲಿ ರೋಗಿಯ ಜೊತೆಗೆ ನಿಂತು ವಿಮೆ, ಕಾಗದ, ಮುಂದಿನ ಭೇಟಿ ಇವನ್ನೆಲ್ಲ ನೋಡಿಕೊಳ್ಳುವ ಮಾರ್ಗದರ್ಶಿಗಳನ್ನು ನೇಮಿಸಿದರು. ಆನಂತರದ ವರ್ಷಗಳಲ್ಲಿ ಆ ಪ್ರಮಾಣ ಶೇಕಡಾ 70ಕ್ಕೆ ಏರಿತು. ಅಲ್ಲಿಯ ಮಹಿಳೆಯರಿಗೂ ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆಯ ಮುಂದೆ ದಿಕ್ಕು ತೋಚದೆ ನಿಲ್ಲುವ ನಮ್ಮ ತಾಯಂದಿರಿಗೂ ಇರುವ ಅಂಜಿಕೆ ಒಂದೇ ಬಗೆಯದು.

ಇಷ್ಟು ದೂರ ಹೋಗಬೇಕಾಗಿಯೂ ಇಲ್ಲ. ನೆರೆಯ ಹಾನಗಲ್ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಜನಿಸಿದ, ಹುಟ್ಟಿನಿಂದಲೇ ಕಣ್ಣಿಲ್ಲದ ಬಾಲಕನ ಕಂಠವನ್ನು ಹಾನಗಲ್ ಕುಮಾರ ಸ್ವಾಮಿಗಳು ಗುರುತಿಸಿದರು. ಅಯ್ಯೋ ಪಾಪ ಎಂದು ಎರಡು ಹೊತ್ತಿನ ಪ್ರಸಾದಕ್ಕೆ ವ್ಯವಸ್ಥೆ ಮಾಡಿ ಅವರು ಸುಮ್ಮನಾಗಬಹುದಿತ್ತು. ಹಾಗೆ ಮಾಡದೆ, ಸಂಗೀತ ಬಲ್ಲ ಗುರುಗಳು ಎಲ್ಲಿದ್ದಾರೆಂದು ಹುಡುಕಿ ಆ ಬಾಲಕನಿಗೆ ವಿದ್ಯೆ ದೊರಕುವಂತೆ ಮಾಡಿದರು. ಆತನೇ ಪಂಚಾಕ್ಷರಿ ಗವಾಯಿಗಳು. ಅದೇ ತಾಲೂಕಿನ ದೇವಗಿರಿಯಲ್ಲಿ 1914ರಲ್ಲಿ ಹುಟ್ಟಿ ಶೈಶವದಲ್ಲೇ ದೃಷ್ಟಿ ಕಳೆದುಕೊಂಡ ಮಗುವನ್ನು ಮುಂದೆ ಪಂಚಾಕ್ಷರಿ ಗವಾಯಿಗಳು ಕೈಹಿಡಿದರು; ಅವರು ಪುಟ್ಟರಾಜ ಗವಾಯಿಗಳು. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಕೀರ್ತಿಯನ್ನು ನಮ್ಮ ಓದುಗರಿಗೆ ಹೇಳಬೇಕಾದ ಅಗತ್ಯವಿಲ್ಲ. ಈ ಸರಪಳಿಯ ಮೊದಲ ಕೊಂಡಿ ಮಾತ್ರ ಗಮನಕ್ಕೆ ಬರಬೇಕು: ಯಾರಿಗೆ ಏನು ಬೇಕು, ಅದು ಎಲ್ಲಿ ಸಿಗುತ್ತದೆ ಎಂಬ ಎರಡನ್ನೂ ಬಲ್ಲ ಒಬ್ಬರು ನಡುವೆ ನಿಂತರು.

ಇಲ್ಲೊಂದು ಎಚ್ಚರಿಕೆಯ ಮಾತು. ನಡುವೆ ನಿಲ್ಲುವವರೆಲ್ಲ ಉಪಸ್ಥಾತರಲ್ಲ. ಪಗಾರ ಮಾಡಿಸಿಕೊಡುತ್ತೇನೆಂದು ಅಜ್ಜಿಯ ಮೊದಲ ಮೂರು ತಿಂಗಳ ಹಣವನ್ನು ತನ್ನದೆನ್ನುವವನೂ ನಡುವೆಯೇ ನಿಂತಿರುತ್ತಾನೆ. (ವೃದ್ಧಾಪ್ಯದ ಮಾಸಾಶನವನ್ನು ನಮ್ಮ ಕಡೆ ಪಗಾರವೆಂದೇ ಕರೆಯುತ್ತಾರೆ. ಜೀವಮಾನವೆಲ್ಲ ಕೂಲಿ ಮಾಡಿ ಪಗಾರ ಕಾಣದವರಿಗೆ 65 ತುಂಬಿದ ಮೇಲೆ ಸಂಧ್ಯಾ ಸುರಕ್ಷಾದ 1,200 ರೂಪಾಯಿ ಮೊದಲ ಪಗಾರ.) ಆಸ್ಪತ್ರೆಯಿಂದ ಕಮಿಷನ್ ಪಡೆದು ರೋಗಿಗಳನ್ನು ಸಾಗಿಸುವವನೂ ತಾನು ದಾರಿ ತೋರಿಸುತ್ತಿದ್ದೇನೆ ಎನ್ನುತ್ತಾನೆ. ಚರಕಾಚಾರ್ಯರು ಶುಚಿತ್ವವೆಂದದ್ದು ಮೈಕೈಗಳ ಶುಚಿಗಷ್ಟೇ ಸೀಮಿತವಲ್ಲವೆಂದು ನಾವು ತಿಳಿಯುತ್ತೇವೆ. ಇಬ್ಬರನ್ನು ಬೇರ್ಪಡಿಸಿ ನೋಡಲು ಸುಲಭ ಪರೀಕ್ಷೆಗಳಿವೆ. ಒಳ್ಳೆಯ ಮಾರ್ಗದರ್ಶಿ ಮೂಲ ಕಾಗದಗಳನ್ನು ತನ್ನ ಬಳಿ ಇಟ್ಟುಕೊಳ್ಳುವುದಿಲ್ಲ. ಅರ್ಜಿ ಕೊಟ್ಟ ಕಡೆಯಲ್ಲೆಲ್ಲ ಸಕಾಲದ ಸ್ವೀಕೃತಿ ಚೀಟಿಯನ್ನು ಕೇಳಿ ಪಡೆದು, ಅದನ್ನು ಅರ್ಜಿದಾರರ ಕೈಯಲ್ಲೇ ಇಡುತ್ತಾನೆ. ನಿಮಗೆ ಇದು ದೊರೆಯುವುದಿಲ್ಲ ಎಂದು ಹೇಳಬೇಕಾದಾಗ ನೇರವಾಗಿ ಹೇಳುತ್ತಾನೆ. ರೋಗಿಯ ಮನೆಯ ಸುದ್ದಿಯನ್ನು ಚಹಾದ ಅಂಗಡಿಗೆ ಒಯ್ಯುವುದಿಲ್ಲ, ಕ್ಷಯ, ಎಚ್.ಐ.ವಿ., ಮನೋರೋಗಗಳ ವಿಷಯದಲ್ಲಂತೂ ಈ ಒಂದು ಗುಣವಿಲ್ಲದವರು ಈ ಕೆಲಸಕ್ಕೆ ಕೈಹಾಕಲೇಬಾರದು. ಕ್ಷಯ ರೋಗಿಗೆ ಚಿಕಿತ್ಸೆಯ ಅವಧಿಯಲ್ಲಿ ಪೌಷ್ಟಿಕ ಆಹಾರಕ್ಕೆಂದು ಕೇಂದ್ರ ಸರ್ಕಾರ ಕೊಡುವ ಹಣ 2024ರ ನವೆಂಬರ್‌ನಿಂದ ತಿಂಗಳಿಗೆ 1,000 ರೂಪಾಯಿಗೆ ಏರಿದೆ. ಊರಿಗೆ ಗೊತ್ತಾದೀತೆಂಬ ಭಯದಿಂದ ಅದನ್ನೂ ಬೇಡವೆನ್ನುವವರಿದ್ದಾರೆ.

ಬರಿಯ ವಿಳಾಸ ಹೇಳುವುದಕ್ಕೂ ಜೊತೆಗೆ ಹೋಗುವುದಕ್ಕೂ ಬಹಳ ಅಂತರವಿದೆ. ಸಾಲದ ಚಿಂತೆಯಲ್ಲಿ ನಿದ್ರೆ ಬಿಟ್ಟ ರೈತನಿಗೆ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಚೀಟಿಯಲ್ಲಿ ಬರೆದುಕೊಟ್ಟರೆ ಚೀಟಿ ಜೇಬಿನಲ್ಲೇ ಉಳಿಯುತ್ತದೆ. ಪಕ್ಕದಲ್ಲಿ ಕುಳಿತು, ಸಂಖ್ಯೆ ಒತ್ತಿ, ಕನ್ನಡದಲ್ಲಿ ಮಾತಾಡುವವರು ಸಿಕ್ಕ ಮೇಲೆ ಫೋನು ಕೈಗಿತ್ತು ಹೊರಗೆ ಬಂದು ನಿಲ್ಲಬೇಕು. ಮಕ್ಕಳು ಬೆಂಗಳೂರಿನಲ್ಲಿರುವ ಮನೆಯ ವೃದ್ಧರಿಗೆ 14567 ಎಂಬ ಸಹಾಯವಾಣಿಯೂ ಹಾಗೆಯೇ. ಮನಸ್ಸು ಕುಗ್ಗಿದವರಿಗೆ ಮೊದಲ ಹೆಜ್ಜೆಯೇ ಭಾರ.

ನಮ್ಮ ವೃತ್ತಿಬಾಂಧವರಲ್ಲಿ ಒಂದು ವಿನಂತಿ. ಬೇರೆಡೆಗೆ ಕಳುಹಿಸುವ ರೋಗಿಯ ಕೈಗೆ ಕೊಡುವ ಚೀಟಿಯನ್ನು ಓದಲು ಬರುವ ಅಕ್ಷರದಲ್ಲಿ ಬರೆಯೋಣ. ಯಾವ ಆಸ್ಪತ್ರೆ, ಯಾವ ವಿಭಾಗ, ಯಾವ ದಿನ, ಯಾವ ಕಾಗದಗಳು ಎಂಬ ನಾಲ್ಕು ಸಂಗತಿಗಳು ಅದರಲ್ಲಿ ಕನ್ನಡದಲ್ಲಿರಲಿ. ತಮ್ಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು ಯಾರೆಂದು ತಿಳಿಯದ ವೈದ್ಯರು ಇನ್ನು ತಡಮಾಡದೆ ತಿಳಿದುಕೊಳ್ಳಲಿ.

ಮಠಗಳಿಗೂ ಒಂದು ಮಾತು. ಜಾತ್ರೆಯಲ್ಲಿ ಆರೋಗ್ಯ ತಪಾಸಣಾ ಶಿಬಿರಗಳು ನಡೆಯುತ್ತವೆ; ವೇದಿಕೆಯ ಮೇಲೆ ಗಾಲಿಕುರ್ಚಿಗಳ ವಿತರಣೆಯಾಗುತ್ತದೆ; ಫೋಟೋ ತೆಗೆಯುತ್ತಾರೆ. ತಪ್ಪೇನಿಲ್ಲ. ಆದರೆ ಶಿಬಿರದಲ್ಲಿ ಸಕ್ಕರೆ ಕಾಯಿಲೆ ಪತ್ತೆಯಾದವರು ಮರುದಿನ ಎಲ್ಲಿಗೆ ಹೋದರೆಂದು ನೋಡುವವರಿಲ್ಲ. ಪ್ರತಿ ಅಮಾವಾಸ್ಯೆಯಂದು ಹೇಗೂ ಭಕ್ತರು ಸೇರುತ್ತಾರೆ. ಪ್ರಸಾದದ ಪಂಕ್ತಿಯ ಸಮೀಪದಲ್ಲಿ ಒಂದು ಮೇಜು ಹಾಕಿ, ಸುತ್ತಲಿನ ಪಂಚಾಯಿತಿಗಳ ಪುನರ್ವಸತಿ ಕಾರ್ಯಕರ್ತರನ್ನೂ ಆಶಾ ಕಾರ್ಯಕರ್ತೆಯರನ್ನೂ ಸರದಿಯಂತೆ ಕರೆಸಿ ಕೂರಿಸಬಹುದು. ಬಂದು ಹೋಗುವ ಖರ್ಚನ್ನು ಮಠವೇ ಕೊಡಲಿ. ಪ್ರಸಾದ ನಿಲಯದಲ್ಲಿ ಓದುತ್ತಿರುವ ಹುಡುಗರಿಗೆ ಮೊಬೈಲಿನಲ್ಲಿ ಅರ್ಜಿ ತುಂಬುವುದು ನೀರು ಕುಡಿದಷ್ಟು ಸುಲಭ. ಅವರಲ್ಲಿ ಇಬ್ಬರು ಜೊತೆಗಿರಲಿ. ಒಂದು ವಹಿಯಿರಲಿ. ಬಂದವರ ಹೆಸರು, ಬೇಡಿಕೆ, ಹೋಗಬೇಕಾದ ಸ್ಥಳ ಇಷ್ಟನ್ನು ಬರೆದು, ಮುಂದಿನ ಅಮಾವಾಸ್ಯೆಗೆ ಆ ವಹಿಯನ್ನು ತೆರೆದು ಕೆಲಸ ಆಯಿತೇ ಎಂದು ಕೇಳಬೇಕು. ಆ ಕೊನೆಯ ಅಂಕಣವನ್ನು ತುಂಬದ ವಹಿ ಬೇಡವೇ ಬೇಡ. ಜಾತಿ, ಮತ, ಪಕ್ಷ ಯಾವುದನ್ನೂ ಆ ಮೇಜಿನಲ್ಲಿ ಕೇಳಬಾರದೆಂಬುದನ್ನು ಬೇರೆ ಹೇಳಬೇಕಿಲ್ಲ.

ಯಾವ ಕೆಲಸಕ್ಕೆ ಹೋಗುವವರೇ ಆಗಲಿ, ಆಧಾರ್, ಪಡಿತರ ಚೀಟಿ, ಬ್ಯಾಂಕ್ ಪಾಸ್‌ಬುಕ್ ಇವುಗಳ ಎರಡೆರಡು ನಕಲು, ನಾಲ್ಕು ಭಾವಚಿತ್ರ, ಹಿಂದಿನ ಆಸ್ಪತ್ರೆಯ ಎಲ್ಲ ಕಾಗದಗಳನ್ನು ಒಂದೇ ಚೀಲದಲ್ಲಿಟ್ಟುಕೊಂಡು ಹೊರಡಬೇಕು. ಮೂರರಲ್ಲೂ ಹೆಸರು ಒಂದೇ ಆಗಿದೆಯೇ ಎಂದು ಮನೆಯಲ್ಲೇ ನೋಡಿಕೊಳ್ಳಬೇಕು. ಬೇರೆಯಾಗಿದ್ದರೆ ಮೊದಲು ಅದನ್ನು ಸರಿಪಡಿಸಿಕೊಂಡು ಆಮೇಲೆ ಅರ್ಜಿ ಹಾಕಬೇಕು. ಆರೋಗ್ಯದ ಬಗ್ಗೆ ಮಾಹಿತಿ ಬೇಕಾದವರು ಯಾವ ಹೊತ್ತಿನಲ್ಲಾದರೂ 104ಕ್ಕೆ ಕರೆ ಮಾಡಬಹುದು. ರೋಗಿಯ ಜೊತೆಗೆ ಓದುಬರಹ ಬಲ್ಲ ಒಬ್ಬರು ಇರಲಿ. ಮನೆಯಲ್ಲಿ ಅಂಥವರಿಲ್ಲದಿದ್ದರೆ ಹಿಂದಿನ ದಿನವೇ ಪಂಚಾಯಿತಿಗೆ ಹೋಗಿ ಪುನರ್ವಸತಿ ಕಾರ್ಯಕರ್ತರನ್ನು ಕಂಡು ಮಾತಾಡಿ ಬನ್ನಿ.